ಮೇಡಂ, ದೂರದ ಕೆರೆಗೆ ಹೋಗಬಹುದಿತ್ತಲ್ಲ!

ಸಂಜೆ ಯಡಿಯೂರು ಕೆರೆಗೆ ಸುತ್ತು ಹಾಕುವುದು ನನ್ನ ಪಿಎಚ್‌ಡಿಯ ಅತ್ಯಂತ ಶಿಸ್ತಿನ ಭಾಗ. ಹೋದ ವರ್ಷ ಅಲ್ಲಿ ಬೆಂಚಿನ ಮೇಲೆ ಗೆಳೆಯನೊಬ್ಬನ ಜೊತೆ ಕೂತು ಕಡಲೆಕಾಯಿ ತಿನ್ನುತ್ತಿದ್ದಾಗ ಯಾರೋ ಫೋಟೊ ತೆಗೆದರು. ರಾತ್ರಿ ಹತ್ತರೊಳಗೆ ಅದು, ನಾನು ಆಗ ಅತಿಥಿ ಉಪನ್ಯಾಸಕಿಯಾಗಿದ್ದ ಕಾಲೇಜಿನ ವಾಟ್ಸಾಪ್ ಗುಂಪುಗಳಲ್ಲಿತ್ತು, ಕೆಂಪು ಹೃದಯದ ಚಿಹ್ನೆಯ ಸಮೇತ. ಮರುದಿನ ಪ್ರಾಂಶುಪಾಲರು ಕರೆಸಿದರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. 'ನಮ್ಮ ಸ್ಟೂಡೆಂಟ್ಸ್ ಓಡಾಡೋ ಜಾಗ ಮೇಡಂ, ಸ್ವಲ್ಪ ದೂರದ ಕೆರೆಗೆ ಹೋಗಬಹುದಿತ್ತಲ್ಲ' ಎಂದರು. ಯಾವ ಕೆರೆ ಸಾರ್, ಸಾರಕ್ಕಿಯೋ, ಮಡಿವಾಳವೋ? ಅಲ್ಲಿಯವರ ಕೈಯಲ್ಲಿ ಫೋನಿಲ್ಲವೇ? ಕೇಳಬೇಕೆನಿಸಿತು, ಕೇಳಲಿಲ್ಲ. ನನ್ನ ನೇಮಕಾತಿ ವರ್ಷ ವರ್ಷಕ್ಕೆ ನವೀಕರಣವಾಗುವಂಥದ್ದು.

ಶಿಕ್ಷಕರ ಖಾಸಗಿತನದ ಮಾತು ಬಂದಾಗಲೆಲ್ಲ ಸಿಗುವುದು ಇಂಥದೇ ಬುದ್ಧಿವಾದ. ಖಾತೆಗೆ ಬೀಗ ಹಾಕಿ, ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಡಿ, ಹಳೆಯ ಫೋಟೊ ಅಳಿಸಿ. ನಾನು ಅದನ್ನೆಲ್ಲ ಮಾಡಿಯೇ ಇದ್ದೆ. ಕೋಲ್ಕತ್ತದ ಸೇಂಟ್ ಝೇವಿಯರ್ಸ್ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕಿಯ ಇನ್‌ಸ್ಟಾಗ್ರಾಂ ಖಾತೆಗೂ ಬೀಗವಿತ್ತು. ಈಜುಡುಗೆಯ ಆ ಚಿತ್ರಗಳನ್ನು ಅವರು ಹಾಕಿದ್ದು ಕೆಲಸಕ್ಕೆ ಸೇರುವ ಮೊದಲು, ಇಪ್ಪತ್ನಾಲ್ಕು ಗಂಟೆಯಲ್ಲಿ ಮಾಯವಾಗುವ ಸ್ಟೋರಿಯಾಗಿ. ಆದರೂ ವಿದ್ಯಾರ್ಥಿಯೊಬ್ಬನ ತಂದೆ ದೂರು ಕೊಟ್ಟರು. 2021ರ ಅಕ್ಟೋಬರಿನಲ್ಲಿ ಆಕೆಯ ಕೆಲಸ ಹೋಯಿತು. ಬಲವಂತದ ರಾಜೀನಾಮೆ ಎಂದು ಆಕೆ, ಸ್ವಇಚ್ಛೆಯದು ಎಂದು ವಿಶ್ವವಿದ್ಯಾಲಯ. ಆಕೆ ಲೀಗಲ್ ನೋಟಿಸ್ ಕಳಿಸಿದಾಗ ಅದು ಮಾನನಷ್ಟಕ್ಕೆ ಕೇಳಿದ್ದು 99 ಕೋಟಿ ರೂಪಾಯಿ. ಆಕೆ ಹೇಳುವಂತೆ, ಸಭೆಯಲ್ಲಿ ಆ ಚಿತ್ರಗಳ ಪ್ರತಿಗಳನ್ನು ಕೈಯಿಂದ ಕೈಗೆ ದಾಟಿಸಲಾಯಿತು. ಹಾಗಿದ್ದರೆ ಅವನ್ನು ಹಂಚಿದವರು ಯಾರು?

ನಮ್ಮಲ್ಲಿ ಫೋಟೊ ಕೂಡ ಬೇಕಾಗಲಿಲ್ಲ. 2024ರ ಫೆಬ್ರುವರಿಯಲ್ಲಿ ಮಂಗಳೂರಿನ ಜೆಪ್ಪುವಿನ ಸೇಂಟ್ ಜೆರೋಸಾ ಶಾಲೆಯ ಶಿಕ್ಷಕಿ ಪಾಠದಲ್ಲಿ ಹಿಂದೂ ದೇವರನ್ನು ಅವಹೇಳನ ಮಾಡಿದರೆಂಬ ಆಡಿಯೊ ಒಂದು ವಾಟ್ಸಾಪಿನಲ್ಲಿ ಓಡಾಡಿತು. ಆಡಿಯೊದಲ್ಲಿದ್ದದ್ದು ಶಿಕ್ಷಕಿಯ ದನಿಯಲ್ಲ, ಪೋಷಕರೊಬ್ಬರದು. ಗೇಟಿನ ಮುಂದೆ ಪ್ರತಿಭಟನೆ, ಅದರಲ್ಲಿ ಶಾಸಕರು. ಶಾಲೆ ಆಕೆಯನ್ನು ವಜಾ ಮಾಡಿತು. ಸರ್ಕಾರ ವಿಚಾರಣೆಗೆ ಐಎಎಸ್ ಅಧಿಕಾರಿಯನ್ನು ನೇಮಿಸಿದ್ದು ಆಮೇಲೆ. ಆಕೆ ನಿಜಕ್ಕೂ ಏನು ಹೇಳಿದರು ಎಂಬುದು ಬೇರೆ ಪ್ರಶ್ನೆ. ಅದನ್ನು ಕೇಳುವಷ್ಟು ದಿನವಾದರೂ ಕಾಯಬೇಕಿತ್ತಲ್ಲವೇ?

ಹಾಗಾದರೆ ಶಿಕ್ಷಕರತ್ತ ಕ್ಯಾಮೆರಾ ತಿರುಗಿಸಲೇಬಾರದೇ ಎಂದು ನನ್ನ ವಿದ್ಯಾರ್ಥಿಗಳು ಕೇಳಬಹುದು. ಕೇಳಲಿ. 2022ರ ನವೆಂಬರಿನಲ್ಲಿ ಮಣಿಪಾಲದ ತರಗತಿಯೊಂದರಲ್ಲಿ ಮುಸ್ಲಿಂ ವಿದ್ಯಾರ್ಥಿಯನ್ನು ಭಯೋತ್ಪಾದಕನ ಹೆಸರಿನಿಂದ ಕರೆದ ಪ್ರಾಧ್ಯಾಪಕರನ್ನು ಆ ಹುಡುಗ ಎದುರೇ ಪ್ರಶ್ನಿಸಿದ. ಆ ವಿಡಿಯೊ ಇಲ್ಲದಿದ್ದರೆ ಅದು 'ತಮಾಷೆ'ಯಾಗಿಯೇ ಮುಗಿದುಹೋಗುತ್ತಿತ್ತು. ತರಗತಿಯೊಳಗಿನ ಅವಮಾನಕ್ಕೆ ಖಾಸಗಿತನದ ಪರದೆ ಎಳೆಯುವವರ ಜೊತೆ ನಾನಿಲ್ಲ. ಪಾಠ ಮಾಡುವಾಗ ನಾನು ಹೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಬೆಂಚಿನ ಮೇಲೆ ಕಡಲೆಕಾಯಿ ತಿಂದದ್ದಕ್ಕೆ ಯಾರಿಗೆ, ಏಕೆ ಕೊಡಬೇಕು?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ತೀರ್ಪು ಇನ್ನೂ ನಮ್ಮ ಸ್ಟಾಫ್ ರೂಮಿನವರೆಗೆ ಬಂದಿಲ್ಲ. ಅಲ್ಲಿ ಶಿಕ್ಷಕರ 'ಇಮೇಜ್' ಎಂದರೆ ಇಂದಿಗೂ ಸಂಸ್ಥೆಯ ಮರ್ಯಾದೆ, ಅದರಲ್ಲೂ ಹೆಣ್ಣಾದರೆ ಎರಡು ಪಟ್ಟು. ಇದೇ ಕೆರೆಯ ಬಳಿ ಗೆಳತಿಯೊಂದಿಗೆ ಚಹಾ ಕುಡಿಯುವ ನನ್ನ ಸಹೋದ್ಯೋಗಿ ಗಂಡಸರನ್ನು ಯಾರೂ ದೂರದ ಕೆರೆಗೆ ಕಳಿಸಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ದೂರು ಬಂದರೆ ಅದರ ಪ್ರತಿ ಮೊದಲು ಶಿಕ್ಷಕರ ಕೈಗೆ ಬರಲಿ. ಇದಕ್ಕೂ ಪಾಠಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಬರವಣಿಗೆಯಲ್ಲಿ ದಾಖಲಾಗಲಿ. ಫೋಟೊ ಸಭೆಯಲ್ಲಿ ಸುತ್ತುವುದು ನಿಲ್ಲಲಿ. ವಿಚಾರಣೆ ಮುಗಿಯುವ ತನಕ ಕೆಲಸ ಉಳಿಯಲಿ, ಅತಿಥಿಗಳದೂ. ಕದ್ದು ಫೋಟೊ ತೆಗೆದವರನ್ನೂ ಒಮ್ಮೆ ಕರೆಸಲಿ. ನನ್ನ ವಿಷಯದಲ್ಲಿ ಕರೆಸಲಿಲ್ಲ. ಇಷ್ಟನ್ನು ಬರೆಯಲು ಒಂದು ಹಾಳೆ ಸಾಕು. ನಮ್ಮ ಕಾಲೇಜಿನಲ್ಲಿ ಉಪನ್ಯಾಸಕಿಯರ ಉಡುಪಿನ ಬಗ್ಗೆ ಮೂರು ಹಾಳೆಯ ಸುತ್ತೋಲೆ ಇತ್ತು.