ಕಟ್ಟಿನ ಮೇಲಿನ ಒಂದು ಮಾತು

ಕಳೆದ ವರ್ಷ ನನ್ನ ಪ್ರಬಂಧಗಳ ಸಂಕಲನವೊಂದನ್ನು ಸ್ವಂತ ಖರ್ಚಿನಲ್ಲಿಯೇ ಅಚ್ಚು ಹಾಕಿಸಿದೆ. ಜರ್ಮನಿಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಐದು ಪ್ರತಿಗಳಿಗೆ ಹಣ ಕಳುಹಿಸಿದ. ಕಟ್ಟನ್ನು ಹಿಡಿದು ಅಂಚೆ ಕಚೇರಿಗೆ ಹೋದಾಗ ಜೊತೆಗಿದ್ದ ಮಿತ್ರರು, “ಸುಂಕದ ಚೀಟಿಯಲ್ಲಿ ‘ಉಡುಗೊರೆ’ ಎಂದು ಬರೆದುಬಿಡಿ ಮೇಷ್ಟ್ರೇ, ಯಾವ ರಗಳೆಯೂ ಇರುವುದಿಲ್ಲ” ಎಂದರು. ನನ್ನ ಲೇಖನಿ ತಡೆಯಿತು. ಆ ಒಂದು ಮಾತನ್ನು ಕುರಿತೇ ಇಂದಿನ ಈ ಬರಹ.

ಬರೆದವನೇ ತನ್ನ ಪುಸ್ತಕವನ್ನು ಮಾರುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿದರು. ಅವರದು ತಲೆಯ ಮೇಲಿನ ಹೊರೆ. ನಮ್ಮದು ಕಾಗದಪತ್ರಗಳ ಹೊರೆ. ಆದರೆ ಅದು ನಾವು ಅಂಜುವಷ್ಟು ಭಾರವಾದುದಲ್ಲ.

2017ರ ಜುಲೈಯಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯು ಮುದ್ರಿತ ಪುಸ್ತಕವನ್ನು ಮುಟ್ಟುವುದಿಲ್ಲ. ಅಂಥ ಪುಸ್ತಕಗಳನ್ನು ಮಾತ್ರ ಮಾರುವವನು ಅದಕ್ಕಾಗಿ ನೋಂದಾಯಿಸಿಕೊಳ್ಳಬೇಕಾಗಿಲ್ಲ. ಆದಾಯ ತೆರಿಗೆಯ ಮಾತು ಬೇರೆ. ಕೊಂಡವನು ಮೈಸೂರಿನಲ್ಲಿರಲಿ ಮ್ಯೂನಿಕ್‌ನಲ್ಲಿರಲಿ, ಅಚ್ಚು-ಅಂಚೆಗಳ ಖರ್ಚು ಕಳೆದು ಉಳಿದದ್ದು ನಮ್ಮ ಆದಾಯವೇ. ಸಂಬಳದೊಡನೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಲೇಖಕರಿಗೆ ರಾಯಧನದ ಮೇಲೆ 3 ಲಕ್ಷ ರೂಪಾಯಿಯವರೆಗೆ ರಿಯಾಯಿತಿಯುಂಟು. ತಾನೇ ಮಾರಿ ಗಳಿಸಿದ ಲಾಭವೂ ರಾಯಧನವೇ ಎಂದು ಯಾರೂ ತಮ್ಮಷ್ಟಕ್ಕೆ ತೀರ್ಮಾನಿಸಿಕೊಳ್ಳದೆ ಬಲ್ಲವರನ್ನು ಕೇಳುವುದು ಮೇಲು. ಇನ್ನು, ಹೊರದೇಶಕ್ಕೆ ಮಾರಾಟದ ಸರಕನ್ನು ಕಳುಹಿಸುವವನು ಆಮದು-ರಫ್ತು ಸಂಕೇತಸಂಖ್ಯೆಯನ್ನು ಪಡೆದಿರಬೇಕು. ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳು ಇಂಥ ಸಣ್ಣ ರಫ್ತುದಾರರಿಗಾಗಿಯೇ ಇವೆ.

ಕಟ್ಟು ಸೇರುವ ನಾಡಿನ ಕಾನೂನು ಇನ್ನೊಂದು. 1950ರ ಫ್ಲಾರೆನ್ಸ್ ಒಪ್ಪಂದವು ತನಗೆ ಸೇರಿದ ದೇಶಗಳಲ್ಲಿ ಪುಸ್ತಕಗಳನ್ನು ಆಮದು ಸುಂಕದಿಂದ ಬಿಡಿಸಿತು. ಒಳನಾಡಿನ ತೆರಿಗೆಗಳನ್ನು ಬಿಡಿಸಲಿಲ್ಲ. ಬ್ರಿಟನ್ನಿನಲ್ಲಿ ಮುದ್ರಿತ ಪುಸ್ತಕದ ಮೇಲಿನ ಮೌಲ್ಯವರ್ಧಿತ ತೆರಿಗೆಯ ದರ ಸೊನ್ನೆ. ಜರ್ಮನಿಯಲ್ಲಿ ಶೇಕಡಾ 7. ಐರೋಪ್ಯ ಒಕ್ಕೂಟದಲ್ಲಿ 22 ಯೂರೋವರೆಗಿನ ಆಮದಿಗೆ ಮೊದಲಿದ್ದ ವಿನಾಯಿತಿ 2021ರ ಜುಲೈಯಲ್ಲಿ ರದ್ದಾಯಿತು. ಮಾರುವವನು ಅಲ್ಲಿ ನೋಂದಾಯಿಸಿಕೊಂಡಿರದಿದ್ದರೆ ಕಟ್ಟನ್ನು ಪಡೆಯುವವನೇ ತೆರಿಗೆ ತೆರಬೇಕು. ಖಾಸಗಿ ಉಡುಗೊರೆಗೆ ಮಾತ್ರ 45 ಯೂರೋವರೆಗೆ ಬಿಡುವುಂಟು. ನನ್ನ ಮಿತ್ರರ ಸಲಹೆಯ ಗುಟ್ಟು ಇದೇ.

ಆದರೆ ಬೆಲೆ ಪಡೆದು ಕೊಟ್ಟದ್ದು ಉಡುಗೊರೆ ಹೇಗಾದೀತು? ಪದಕ್ಕೆ ಅರ್ಥವಿದೆ ಎಂದು ತರಗತಿಯಲ್ಲಿ ದಿನವೂ ಹೇಳುವ ನಾನು, ಆ ಪಾಠವನ್ನು ಕೇಳಿದವನಿಗೇ ಕಳುಹಿಸುವ ಕಟ್ಟಿನ ಮೇಲೆ ಸುಳ್ಳು ಬರೆಯುವುದೆ? ಕಟ್ಟನ್ನು ಮನೆಗೆ ತಂದೆ. ತೆರಿಗೆ ತೆರಬೇಕಾದೀತೆಂದು ಅವನಿಗೆ ತಿಳಿಸಿ, ಸಂಕೇತಸಂಖ್ಯೆ ಕೈಸೇರಿದ ಮೇಲೆ ‘ಮಾರಾಟ’ ಎಂದೇ ಬರೆದು ಕಳುಹಿಸಿದೆ. ಪುಸ್ತಕ ತಡವಾಗಿ ತಲುಪಿತು, ಅವನಿಗೆ ತುಸು ದುಬಾರಿಯೂ ಆಯಿತು, ಅವನು ಬೇಸರಿಸಲಿಲ್ಲ.

ಎಲ್ಲ ಲೇಖಕರಿಗೂ ಇಷ್ಟು ವ್ಯವಧಾನವಿರಲಾರದು. ಕಾನೂನನ್ನು ತಿಳಿಯದವನು ಒಂದೋ ಸುಳ್ಳು ಬರೆಯುತ್ತಾನೆ, ಇಲ್ಲವೇ ಪುಸ್ತಕವನ್ನು ಕಳುಹಿಸುವುದನ್ನೇ ಬಿಡುತ್ತಾನೆ. ಎರಡೂ ಕನ್ನಡಕ್ಕೆ ನಷ್ಟವೇ. ಸಮ್ಮೇಳನಗಳಲ್ಲಿ ಹೊರನಾಡ ಕನ್ನಡಿಗರನ್ನು ನೆನೆಯುವ ನಮ್ಮ ಸಾಹಿತ್ಯ ಸಂಸ್ಥೆಗಳು ಈ ನಿಯಮಗಳನ್ನು ತಿಳಿಗನ್ನಡದಲ್ಲಿ ವಿವರಿಸುವ ಕಿರುಹೊತ್ತಗೆಯೊಂದನ್ನು ಹೊರತಂದು, ವರ್ಷ ವರ್ಷವೂ ತಿದ್ದುತ್ತ ಬಂದರೆ ಅದು ದೊಡ್ಡ ಸೇವೆಯಾದೀತು.