ಊರು ಬೇಕೋ, ಬಡ್ತಿ ಬೇಕೋ?

ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರು ಕಡೆಯ ಹಳ್ಳಿಗಳ ಸರ್ಕಾರಿ ಶಾಲೆಗಳಿಗೆ ಹೋದರೆ ವಿಜಯಪುರದವರೋ ಬಾಗಲಕೋಟೆಯವರೋ ಗದಗಿನವರೋ ಆದ ಶಿಕ್ಷಕರು ಸಿಕ್ಕೇ ಸಿಗುತ್ತಾರೆ. ನೇಮಕಾತಿಗೆ ಅರ್ಜಿ ಹಾಕುವಾಗ ಖಾಲಿ ಹುದ್ದೆ ಎಲ್ಲಿ ಹೆಚ್ಚಿದೆ, ಪೈಪೋಟಿ ಎಲ್ಲಿ ಕಡಿಮೆಯಿದೆ ಎಂದು ನೋಡಿ ಆ ಜಿಲ್ಲೆ ಆರಿಸಿಕೊಂಡು ಬಂದವರು ಇವರು. ನೌಕರಿ ಸಿಕ್ಕಿತು. ಬಾಡಿಗೆ ಮನೆ ಹಿಡಿದರು, ಮಳೆಗೆ ಒಗ್ಗಿಕೊಂಡರು, ಕೆಲವರು ತುಳುವನ್ನೂ ಕಲಿತರು. ಆ ಊರಿನ ಎರಡು ತಲೆಮಾರಿನ ಮಕ್ಕಳು ಅವರ ಕೈಯಲ್ಲಿ ಅಕ್ಷರ ತಿದ್ದಿದರು. ಅಷ್ಟರಲ್ಲಿ ಊರಲ್ಲಿರುವ ಅಪ್ಪ ಅಮ್ಮನಿಗೆ ವಯಸ್ಸಾಯಿತು. ಜಮೀನು ನೋಡಿಕೊಂಡು ಊರಲ್ಲೇ ಉಳಿದ ಗಂಡ ದಸರೆಗೂ ಬೇಸಿಗೆ ರಜೆಗೂ ಮಾತ್ರ ಸಿಗುವ ಹಾಗಾಯಿತು. ಆಗ ಅವರು ವರ್ಗಾವಣೆ ಅರ್ಜಿ ಮುಂದಿಟ್ಟುಕೊಂಡು ಕೂರುತ್ತಾರೆ, ಕೂತವರು ಬಹಳ ಹೊತ್ತು ಯೋಚಿಸುತ್ತಾರೆ.

ಯೋಚನೆಗೆ ಕಾರಣ ಒಂದೇ. ಪ್ರಾಥಮಿಕ ಶಾಲಾ ಶಿಕ್ಷಕರ ಜ್ಯೇಷ್ಠತಾ ಪಟ್ಟಿ ಜಿಲ್ಲಾ ಮಟ್ಟದ್ದು. ಜಿಲ್ಲೆ ದಾಟಿ ಸ್ವಂತ ಕೋರಿಕೆಯ ಮೇಲೆ ಇನ್ನೊಂದು ಜಿಲ್ಲೆಗೆ ಹೋದವರು ಅಲ್ಲಿನ ಪಟ್ಟಿಯ ಕಟ್ಟಕಡೆಗೆ ಸೇರುತ್ತಾರೆ. ಹದಿನೆಂಟು ವರ್ಷ ಪಾಠ ಮಾಡಿದವರು, ಹಿಂದಿನ ವಾರವಷ್ಟೇ ನೇಮಕ ಆದೇಶ ಹಿಡಿದು ಬಂದ ಇಪ್ಪತ್ತೈದರ ಹುಡುಗನ ಹಿಂದೆ ನಿಲ್ಲಬೇಕು. ಸಂಬಳಕ್ಕೆ ಕತ್ತರಿ ಬೀಳುವುದಿಲ್ಲ, ರಜೆ, ನಿವೃತ್ತಿ ಸೌಲಭ್ಯಗಳ ಲೆಕ್ಕಕ್ಕೆ ಹಳೆಯ ಸೇವೆ ಸೇರುತ್ತದೆ. ಆದರೆ ಮುಖ್ಯಶಿಕ್ಷಕ ಹುದ್ದೆಗಾಗಲಿ ಪ್ರೌಢಶಾಲೆಗಾಗಲಿ ಬಡ್ತಿ ಸಿಗುವ ದಾರಿ ಅಲ್ಲಿಗೆ ಮುಚ್ಚಿದ ಹಾಗೆಯೇ. ‘ಊರಿಗೆ ಹೋದ್ರ ಸೀನಿಯಾರಿಟಿ ಹೋತು, ಇಲ್ಲೇ ಇದ್ರ ಸಂಸಾರ ಹೋತು’ ಎನ್ನುವುದು ಸ್ಟಾಫ್ ರೂಮುಗಳಲ್ಲಿ ಹಳೆಯ ಮಾತು.

ವರ್ಗಾವಣೆಯ ಬಗ್ಗೆ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನು ಮೊದಲು ಹೇಳಬೇಕು. ಶಿಕ್ಷಕರ ವರ್ಗಾವಣೆಗೆಂದೇ 2007ರಲ್ಲಿ ಪ್ರತ್ಯೇಕ ಕಾಯ್ದೆ ತಂದ ರಾಜ್ಯ ನಮ್ಮದು. 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು, 2022ರಲ್ಲಿ ತಿದ್ದುಪಡಿಯೂ ಆಯಿತು. ಶಾಲೆಗಳನ್ನು ನಗರದಿಂದ ದೂರದ ಹಳ್ಳಿಗಳವರೆಗೆ ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ, ಎಷ್ಟು ವರ್ಷ ಎಲ್ಲಿ ದುಡಿದಿದ್ದಾರೆ ಎಂಬುದರ ಮೇಲೆ ಆದ್ಯತಾ ಪಟ್ಟಿ ಮಾಡಿ, ಕೌನ್ಸೆಲಿಂಗ್ ಮೂಲಕ ಜಾಗ ಹಂಚುವ ಪದ್ಧತಿ ನೆಲೆಯೂರಿದೆ. ಶಾಸಕರ ಮನೆ ಮುಂದೆ ಶಿಫಾರಸು ಪತ್ರಕ್ಕಾಗಿ ಕಾಯುತ್ತಿದ್ದ ಕಾಲವನ್ನು ಕಂಡ ಹಿರಿಯ ಮೇಷ್ಟ್ರುಗಳಿಗೆ ಇದರ ಬೆಲೆ ಗೊತ್ತು.

ಕೌನ್ಸೆಲಿಂಗ್ ದಿನ ಉಪನಿರ್ದೇಶಕರ ಕಚೇರಿಯ ಆವರಣಕ್ಕೆ ಒಮ್ಮೆ ಹೋಗಿ ನೋಡಬೇಕು. ಬೆಳಗಿನ ಜಾವದ ಬಸ್ಸಿಗೆ ಬಂದವರು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡವರು, ವೈದ್ಯಕೀಯ ಪ್ರಮಾಣಪತ್ರದ ಜೆರಾಕ್ಸ್ ಪ್ರತಿಗಳನ್ನು ಮತ್ತೆ ಮತ್ತೆ ಜೋಡಿಸಿಕೊಳ್ಳುವವರು. ಒಳಗೆ ಪರದೆಯ ಮೇಲೆ ಖಾಲಿ ಇರುವ ಶಾಲೆಗಳ ಹೆಸರು. ತನ್ನ ಕ್ರಮಸಂಖ್ಯೆ ಬರುವುದರೊಳಗೆ ಕಣ್ಣಿಟ್ಟ ಶಾಲೆ ಉಳಿದಿರುತ್ತದೋ ಇಲ್ಲವೋ ಎಂಬ ಆತಂಕ, ಎಲ್ಲರ ಕೈಯಲ್ಲೂ ಶಾಲೆಗಳ ಹೆಸರಿನ ಒಂದು ಚೀಟಿ. ಹೆಸರು ಹೋದ ಹಾಗೆ ಒಂದೊಂದನ್ನೇ ಪೆನ್ನಿನಿಂದ ಹೊಡೆದುಹಾಕುತ್ತಿರುತ್ತಾರೆ. ಕರೆ ಬಂದಾಗ ಮುಂದಿನ ಎಷ್ಟೋ ವರ್ಷದ ಬದುಕನ್ನು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಬೇಕು. ಇಷ್ಟಾದರೂ ಅಲ್ಲಿ ಯಾರ ಹೆಸರು ಯಾಕೆ ಮುಂದೆ ಬಂತು ಎಂದು ಎಲ್ಲರಿಗೂ ಕಾಣುತ್ತದೆ. ಬೇರೆ ಇಲಾಖೆಗಳ ಎಷ್ಟು ನೌಕರರಿಗೆ ಈ ಭಾಗ್ಯ ಇದೆ?

ಕಾಯ್ದೆ ಇದ್ದ ಮಾತ್ರಕ್ಕೆ ನೋವು ತಪ್ಪಲಿಲ್ಲ ಎಂಬುದೂ ನಿಜ. 2019ರ ಕಡ್ಡಾಯ ವರ್ಗಾವಣೆಯನ್ನು ಶಿಕ್ಷಕರು ಇಂದಿಗೂ ಮರೆತಿಲ್ಲ. ನಗರ ವಲಯದಲ್ಲಿ ಹೆಚ್ಚು ವರ್ಷ ಇದ್ದವರನ್ನು ಹಳ್ಳಿಗೆ ಕಳಿಸಬೇಕೆಂಬ ಉದ್ದೇಶ ತಪ್ಪಾಗಿರಲಿಲ್ಲ. ಹಳ್ಳಿ ಮಕ್ಕಳಿಗೂ ಅನುಭವಿ ಶಿಕ್ಷಕರು ಬೇಕು. ಆದರೆ ಅನಾರೋಗ್ಯ ಇರುವವರು, ಒಂಟಿ ಮಹಿಳೆಯರು, ಅಂಗವಿಕಲ ಮಕ್ಕಳ ತಾಯಂದಿರ ಕಷ್ಟ ಕೇಳುವ ವ್ಯವಧಾನ ಆ ಪ್ರಕ್ರಿಯೆಗೆ ಇರಲಿಲ್ಲ. ಕೊನೆಗೆ ಹೊಸ ಕಾಯ್ದೆಯಲ್ಲಿ ಆ ನೊಂದವರಿಗೆ ಆದ್ಯತೆ ಕೊಟ್ಟು ಸರಿಪಡಿಸಬೇಕಾಯಿತು. ಪತಿ-ಪತ್ನಿ ಪ್ರಕರಣಗಳಿಗೂ ಆದ್ಯತೆ ಇದೆ. ಆದರೆ ಆ ಅನುಕೂಲ ಸಂಗಾತಿ ಸರ್ಕಾರಿ ನೌಕರಿಯಲ್ಲಿದ್ದವರಿಗೆ. ಹೊಲ ಉಳುವ ಗಂಡ, ಕಿರಾಣಿ ಅಂಗಡಿ ನಡೆಸುವ ಹೆಂಡತಿ ಆ ಲೆಕ್ಕಕ್ಕೆ ಬರುವುದಿಲ್ಲ. ದಂಪತಿ ಒಟ್ಟಿಗೆ ಬಾಳಬೇಕು ಎಂಬುದೇ ಆ ನಿಯಮದ ಆಶಯವಾದರೆ ಇದು ನ್ಯಾಯವಲ್ಲ.

ಇನ್ನು ಬಡ್ತಿಯ ವಿಷಯ. ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದ 1990ರ ದಶಕದಲ್ಲಿ ಲಂಚ, ವಶೀಲಿಬಾಜಿ ಇಲ್ಲದೆ ಅಂಕಗಳ ಆಧಾರದ ಮೇಲೆ ಸಾವಿರಾರು ಶಿಕ್ಷಕರ ನೇಮಕವಾಯಿತು. ಶಿಕ್ಷಕರ ತರಬೇತಿಯಾದ ಟಿಸಿಎಚ್ ಮುಗಿಸಿದ ಬಡ ಮನೆಗಳ ಮಕ್ಕಳು ಒಂದು ಪೈಸೆ ಕೊಡದೆ ಸರ್ಕಾರಿ ಶಿಕ್ಷಕರಾದರು. ಆ ಪೀಳಿಗೆಯೇ ಇವತ್ತಿಗೂ ಹಳ್ಳಿ ಶಾಲೆಗಳ ಬೆನ್ನೆಲುಬು. ಅವರ ನೇಮಕ ಆದೇಶದಲ್ಲಿದ್ದದ್ದು ಒಂದರಿಂದ ಏಳನೇ ತರಗತಿಯ ಪಾಠ. ಕೆಲಸದಲ್ಲಿ ಇದ್ದುಕೊಂಡೇ ಸಂಜೆ, ರಜೆಗಳಲ್ಲಿ ಓದಿ ಬಿ.ಎ., ಬಿ.ಎಸ್‌ಸಿ. ಮುಗಿಸಿದವರು, ಬಿ.ಇಡಿ. ಮಾಡಿದವರು, ಸ್ನಾತಕೋತ್ತರ ಪದವಿ ಪಡೆದವರು ಅವರಲ್ಲಿ ಎಷ್ಟೋ ಜನ. ಆರು, ಏಳನೇ ತರಗತಿಗೆ ಗಣಿತವನ್ನೂ ವಿಜ್ಞಾನವನ್ನೂ ಇಂಗ್ಲಿಷನ್ನೂ ಕಲಿಸುತ್ತ ಬಂದವರು ಅವರೇ.

2017ರ ವೃಂದ ಮತ್ತು ನೇಮಕಾತಿ ನಿಯಮಗಳು ಬಂದ ಮೇಲೆ ಆರರಿಂದ ಎಂಟನೇ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರ ಪ್ರತ್ಯೇಕ ವೃಂದವಾಯಿತು. ವಿಷಯಕ್ಕೊಬ್ಬ ಪದವೀಧರ ಶಿಕ್ಷಕ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಆಶಯ, ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಹಳಬರನ್ನು ಒಂದರಿಂದ ಐದನೇ ತರಗತಿಯವರು ಎಂದು ಕೂರಿಸಿದ ರೀತಿಗೆ. ಇಪ್ಪತ್ತು ವರ್ಷ ಏಳನೇ ತರಗತಿಗೆ ಪಾಠ ಮಾಡಿದವರನ್ನು, ಪದವಿ ಇದ್ದರೂ, ಒಂದು ಮೆಟ್ಟಿಲು ಕೆಳಗಿಳಿಸಲಾಯಿತು. ಹೊಸ ವೃಂದದ ವೇತನ ಶ್ರೇಣಿ ತುಸು ಮೇಲಿನದು. ಅದಕ್ಕೆ ಸೇರಬೇಕಾದರೆ ಸೇವಾನಿರತರೂ ಪರೀಕ್ಷೆ ಬರೆಯಬೇಕು. ಇನ್ನೂ ಸೋಜಿಗವೆಂದರೆ, ಪದವೀಧರ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಆರು, ಏಳನೇ ತರಗತಿಗಳ ಪಾಠವನ್ನು ಇದೇ ಹಳಬರು ಇವತ್ತಿಗೂ ಮಾಡುತ್ತಿದ್ದಾರೆ. ಕೆಲಸಕ್ಕೆ ಅರ್ಹರಾದವರು ಹುದ್ದೆಗೆ ಯಾಕೆ ಅನರ್ಹರು ಎಂಬ ಪ್ರಶ್ನೆ ಹಿಡಿದೇ 2024ರ ಆಗಸ್ಟ್‌ನಲ್ಲಿ ಸಾವಿರಾರು ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತರು. ಹಳೆಯ ನೇಮಕಾತಿಯವರಿಗೆ ಈ ನಿಯಮವನ್ನು ಪೂರ್ವಾನ್ವಯ ಮಾಡಬೇಡಿ ಎಂಬುದು ಅವರ ಬೇಡಿಕೆ. ಅದು ನ್ಯಾಯವಾದದ್ದು. ನಿಯಮ ತಿದ್ದುವುದಾದರೆ ಆ ಪೀಳಿಗೆ ನಿವೃತ್ತಿಯಾಗುವ ಮೊದಲೇ ಆದೇಶ ಅವರ ಕೈಗೆ ಸಿಗಬೇಕು.

ಇದರ ಮೇಲೆ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಸೇವೆಯಲ್ಲಿರುವ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು; ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಅವರೂ ಪಾಸಾಗಲೇಬೇಕು. ಶಿಕ್ಷಕನಾಗಲು ಬರುವವನಿಗೆ ಪರೀಕ್ಷೆ ಇರಲಿ, ಕಠಿಣವಾಗಿಯೇ ಇರಲಿ. ಐವತ್ತು ದಾಟಿದವರನ್ನು, ಟಿಇಟಿ ಎಂಬುದೇ ಇಲ್ಲದ ಕಾಲದಲ್ಲಿ ಅಂದಿನ ಎಲ್ಲ ಅರ್ಹತೆ ಪೂರೈಸಿ ಬಂದವರನ್ನು, ಈಗ ಪರೀಕ್ಷಾ ಕೊಠಡಿಯ ಮುಂದೆ ನಿಲ್ಲಿಸಿದರೆ ಮಕ್ಕಳ ಕಲಿಕೆಗೆ ಏನು ಲಾಭ ಎಂದು ನನಗೆ ಅರ್ಥವಾಗಿಲ್ಲ. ತೀರ್ಪು ಇರುವವರೆಗೆ ಸರ್ಕಾರ ಮಾಡಬಹುದಾದ ಕೆಲಸವೊಂದಿದೆ: ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ರಜೆಯ ತಿಂಗಳಲ್ಲಿ ತಯಾರಿ ತರಗತಿ ನಡೆಸಲಿ.

ಬಡ್ತಿ ತಡವಾದಾಗ ಶಾಲೆಯಲ್ಲಿ ಏನಾಗುತ್ತದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಮುಖ್ಯಶಿಕ್ಷಕರಿಲ್ಲದ ಶಾಲೆಗೆ ಇರುವವರಲ್ಲೇ ಒಬ್ಬರು ಪ್ರಭಾರ. ಪ್ರಭಾರ ಮುಖ್ಯಶಿಕ್ಷಕಿ ಬೆಳಿಗ್ಗೆ ಅಡುಗೆ ಕೋಣೆಗೆ ಅಕ್ಕಿ ಬೇಳೆ ಅಳೆದು ಕೊಟ್ಟು ದಾಸ್ತಾನು ಪುಸ್ತಕದಲ್ಲಿ ಬರೆಯುತ್ತಾರೆ, ಹಾಲಿನ ಪುಡಿಯ ಲೆಕ್ಕ ಇಡುತ್ತಾರೆ. ಮೊಟ್ಟೆಯೊಂದಕ್ಕೆ ಸರ್ಕಾರ ಕೊಡುವುದು 6 ರೂಪಾಯಿ. ಸಾಗಣೆ, ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಖರ್ಚೂ ಅದರಲ್ಲೇ ಆಗಬೇಕು. ಪೇಟೆಯಲ್ಲಿ ದರ ಏರಿದರೆ ಉಳಿದದ್ದು ಅವರ ಪರ್ಸಿನಿಂದ. ಅಷ್ಟರಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಫೋನು, ‘ಮಾಹಿತಿ ತುರ್ತಾಗಿ ಕಳಿಸಿ’ ಎಂಬ ವಾಟ್ಸ್ಆ್ಯಪ್ ಸಂದೇಶ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷರ ಸಹಿಗೆ ಓಡಾಟ. ಇದೆಲ್ಲ ಮುಗಿದ ಮೇಲೆ ಅವರ ನಾಲ್ಕನೇ ತರಗತಿ ಮಕ್ಕಳ ಭಾಗಾಕಾರ. ಹತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು, ಮೂವತ್ತು ವರ್ಷಕ್ಕೆ ಸಿಗುವ ಕಾಲಮಿತಿ ಬಡ್ತಿ, ಹೆಚ್ಚುವರಿ ವೇತನ ಬಡ್ತಿಗಳು ಸಂಬಳದ ಚೀಟಿಯಲ್ಲಿ ಒಂದಷ್ಟು ಸೇರಿಸುತ್ತವೆ. ಆದರೆ ಹುದ್ದೆ, ಅಧಿಕಾರ, ಗೌರವ ಅವುಗಳಿಂದ ಬರುವುದಿಲ್ಲ. ಸೇರಿದ ಹುದ್ದೆಯಲ್ಲೇ ನಿವೃತ್ತರಾಗುವ ಶಿಕ್ಷಕರ ಸಂಖ್ಯೆ ಸಣ್ಣದಲ್ಲ.

ಸಂಬಳದ ಬಗ್ಗೆ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು ಕಾಯಂ ಶಿಕ್ಷಕರ ಕೈಗೆ ಮರ್ಯಾದೆಯ ಸಂಬಳವೇ ಸಿಗುತ್ತಿದೆ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ ಎಂಬ ಕೊರಗು ದೊಡ್ಡದು, ಅದಕ್ಕೆ ಬೇರೆಯೇ ಬರಹ ಬೇಕು. ನನಗೆ ಹೆಚ್ಚು ಸಂಕಟವಾಗುವುದು ಅತಿಥಿ ಶಿಕ್ಷಕರನ್ನು ನೆನೆದಾಗ. ಹತ್ತಾರು ಸಾವಿರ ಹುದ್ದೆ ಖಾಲಿ ಬಿಟ್ಟು, ಆ ಜಾಗಕ್ಕೆ ವರ್ಷ ವರ್ಷ ಅತಿಥಿಗಳನ್ನು ತಂದು ಕೂರಿಸಲಾಗುತ್ತಿದೆ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000. ಅದೂ ತಿಂಗಳು ತಿಂಗಳು ಬರುವ ಖಾತ್ರಿ ಇಲ್ಲ, ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಮಾಡುವವರಿಗೆ ಅದರ ಎಷ್ಟೋ ಪಟ್ಟು ಸಂಬಳ. ಈ ಅಂತರವನ್ನು ಮಕ್ಕಳೂ ಗಮನಿಸುತ್ತಾರೆ.

ಮತ್ತೆ ಜ್ಯೇಷ್ಠತೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ವರ್ಗಾವಣೆಯೂ ಬಡ್ತಿಯೂ ಅಲ್ಲಿಯೇ ಗಂಟು ಬಿದ್ದಿರುವುದು. 1957ರ ಜ್ಯೇಷ್ಠತಾ ನಿಯಮಗಳ ಕಾಲದಿಂದ ಸಾರ್ವಜನಿಕ ಹಿತದೃಷ್ಟಿಯ ವರ್ಗಾವಣೆಗೂ ಸ್ವಂತ ಕೋರಿಕೆಯ ವರ್ಗಾವಣೆಗೂ ವ್ಯತ್ಯಾಸ ಮಾಡುತ್ತ ಬಂದಿದ್ದೇವೆ. ಮೊದಲನೆಯದರಲ್ಲಿ ಜ್ಯೇಷ್ಠತೆ ಉಳಿಯುತ್ತದೆ, ಎರಡನೆಯದರಲ್ಲಿ ಹೋಗುತ್ತದೆ. ಇದರ ಹಿಂದೆ ಕಾರಣವಿದೆ. ಬಾಗಲಕೋಟೆಯಲ್ಲೇ ಹದಿನೈದು ವರ್ಷದಿಂದ ಬಡ್ತಿಗೆ ಕಾಯುತ್ತಿರುವವರ ಮುಂದೆ ಹೊರಗಿನಿಂದ ಬಂದವರು ಏಕಾಏಕಿ ನಿಂತರೆ ಅವರಿಗೂ ಅನ್ಯಾಯ. ಆ ಮಾತನ್ನು ತಳ್ಳಿಹಾಕಲಾಗದು.

ಆದರೆ ಕೋರಿಕೆಗಳೆಲ್ಲ ಒಂದೇ ತೂಕದವಲ್ಲ. ಸಿ ವಲಯದ, ಬಸ್ಸು ಸರಿಯಾಗಿ ಬಾರದ ಊರಿನ ಏಕೋಪಾಧ್ಯಾಯ ಶಾಲೆಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದವರು ಊರಿಗೆ ಹೋಗುತ್ತೇನೆ ಎಂದರೆ, ಅವರು ಸಾರ್ವಜನಿಕ ಹಿತವನ್ನು ಈಗಾಗಲೇ ಸಾಧಿಸಿ ಕೊಟ್ಟು ಹೊರಟವರು. ಅಂಥವರ ಜ್ಯೇಷ್ಠತೆಯನ್ನು, ಪೂರ್ತಿ ಅಲ್ಲದಿದ್ದರೂ ಸಿ ವಲಯದಲ್ಲಿ ಕಳೆದ ವರ್ಷಗಳಷ್ಟನ್ನಾದರೂ, ಜೊತೆಗೆ ಒಯ್ಯಲು ಬಿಡಬೇಕು. ಹಾಗೆ ಮಾಡಿದರೆ ದೂರದ ಶಾಲೆಯಲ್ಲಿ ನಿಲ್ಲಲು ಮನಸ್ಸು ಬರುತ್ತದೆ. ಈಗ ಅಲ್ಲಿ ನಿಂತವರಿಗೆ ಸಿಗುವುದು ವರ್ಗಾವಣೆಯ ಆದ್ಯತಾ ಅಂಕಗಳು ಮಾತ್ರ. ಅವನ್ನು ಬಳಸಿ ಜಿಲ್ಲೆ ದಾಟಿದ ದಿನವೇ ಬಡ್ತಿಯ ಆಸೆ ಬಿಡಬೇಕು.

ಇದರ ಜೊತೆಗೆ ಹೊರಟವರ ಜಾಗಕ್ಕೆ ಇನ್ನೊಬ್ಬರು ಬರುವ ಏರ್ಪಾಡೂ ಆಗಬೇಕು. ಖಾಲಿ ಹುದ್ದೆ ಹೆಚ್ಚಿರುವ ತಾಲ್ಲೂಕಿನಿಂದ ಹೊರಹೋಗಲು ಕಾಯ್ದೆ ತಡೆ ಹಾಕುತ್ತದೆ; ನೇಮಕಾತಿ ಮಾಡದ ಸರ್ಕಾರದ ತಪ್ಪಿಗೆ ಅಲ್ಲಿಯೇ ಉಳಿದ ಶಿಕ್ಷಕರು ದಂಡ ತೆರುತ್ತಾರೆ. 15,000 ಪದವೀಧರ ಶಿಕ್ಷಕರ ನೇಮಕಾತಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ವಿವಾಹಿತ ಮಹಿಳೆಯರ ಜಾತಿ ಪ್ರಮಾಣಪತ್ರ ತಂದೆಯದೋ ಗಂಡನದೋ ಎಂಬ ವ್ಯಾಜ್ಯ ಹೈಕೋರ್ಟಿನಲ್ಲಿ ಸುತ್ತಿ, ಆಯ್ಕೆಯಾದವರು ಶಾಲೆಗೆ ಹಾಜರಾಗುವಷ್ಟರಲ್ಲಿ 2023ರ ಕೊನೆ ಬಂದಿತ್ತು. ಅಷ್ಟು ದಿನ ಆ ತರಗತಿಗಳಲ್ಲಿ ಕಲಿತ, ಕಲಿಯದ ಮಕ್ಕಳ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ನಮ್ಮ ಶಾಸಕರಲ್ಲಿ ನನ್ನ ಮನವಿ ಇಷ್ಟೆ. ಶಿಕ್ಷಕರ ವರ್ಗಾವಣೆಗೆ, ನಿಯೋಜನೆಗೆ ಶಿಫಾರಸು ಪತ್ರ ಬರೆಯುವುದನ್ನು ಬಿಡಿ. ಸಿ ವಲಯದ ಸೇವೆಗೆ ಜ್ಯೇಷ್ಠತೆಯ ರಕ್ಷಣೆ ಕೊಡುವ ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲಿ ಕೇಳಿ. ವರ್ಗಾವಣೆಯೂ ಬಡ್ತಿಯೂ ಪ್ರತಿ ವರ್ಷ ಬೇಸಿಗೆ ರಜೆಯೊಳಗೇ ಮುಗಿದು, ಶಾಲೆ ಶುರುವಾಗುವ ದಿನ ಪ್ರತಿ ತರಗತಿಗೂ ಅದರ ಶಿಕ್ಷಕರು ಹಾಜರಿರುವಂತೆ ಇಲಾಖೆಯನ್ನು ಹೊಣೆಗಾರನನ್ನಾಗಿ ಮಾಡಿ.