ಮತ ಕೇಳುವುದು ಕನ್ನಡದಲ್ಲಿ, ಲೆಕ್ಕ ಹೇಳುವುದು?

ಗ್ರಾಮಪಂಚಾಯತಿಯ ಚುನಾವಣೆ ಬಂತೆಂದರೆ ಗಡಿಭಾಗದಲ್ಲಿ ಕನ್ನಡಕ್ಕೆ ಎಲ್ಲಿಲ್ಲದ ಕಳೆ ಬರುತ್ತದೆ. ಐದು ವರ್ಷ ಓಣಿಯತ್ತ ತಲೆ ಹಾಕದವರೂ ಬಾಗಿಲಿಗೆ ಬಂದು ‘ಯವ್ವಾ’, ‘ಕಾಕಾ’, ‘ಮಾಸ್ತರ್ರ’ ಎಂದು ಬಾಯಿ ತುಂಬ ಕರೆಯುತ್ತಾರೆ. ನಳ, ಗಟಾರ, ಬೀದಿದೀಪ, ಹೊಲದ ದಾರಿ, ಸಾಲಿಯ ಮಾಳಿಗೆ ಎಲ್ಲದರ ಆಶ್ವಾಸನೆಯೂ ಅಚ್ಚಗನ್ನಡದಲ್ಲಿಯೇ ದೊರೆಯುತ್ತದೆ. ಆದರೆ ಚುನಾವಣೆ ಮುಗಿದ ಮರುದಿನದಿಂದ ಈ ಆಶ್ವಾಸನೆಗಳ ಲೆಕ್ಕಪತ್ರ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನು ಮಾತ್ರ ನಾವು ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಭಾಗದ ಒಂದು ಊರು. ಹೆಸರು ಇಲ್ಲಿ ಬೇಡ, ಗಡಿಯ ಯಾವ ಊರಾದರೂ ಆಗಬಹುದು. ಅಭ್ಯರ್ಥಿಯೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ಓಣಿಗೆ ಬಂದಿದ್ದರು. ಗೆದ್ದರೆ ಮೊದಲು ಓಣಿಗೆ ನಳ ತರುತ್ತೇನೆಂದು ಹೇಳುತ್ತಿದ್ದಾಗ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾಗದವೊಂದನ್ನು ಅವರ ಕೈಗಿತ್ತಳು. “ಯಪ್ಪಾ, ನಳದ ಮಾತ ಆಮ್ಯಾಲ ಆಡೂಣು. ಮೊದಲ ಈ ಹಾಳ್ಯಾಗ ಏನ ಬರದಾರ ಓದಿ ಹೇಳು. ನಾಕ ದಿನ ಆತು, ಯಾರಿಗೂ ಪೂರಾ ತಿಳಿವಲ್ದು” ಎಂದಳು. ಅಭ್ಯರ್ಥಿ ಕಾಗದವನ್ನು ಒಮ್ಮೆ ತಿರುವಿ ನೋಡಿದರು. ಅವರೂ ಕನ್ನಡ ಸಾಲಿಯಲ್ಲಿ ಕಲಿತವರೇ. “ಗ್ರಾಮಸೇವಕರನ್ನ ಕೇಳಿ ನಾಳೆ ಹೇಳತೀನಿ ಯವ್ವಾ” ಎಂದು ಹಿಂದಿರುಗಿಸಿದರು. ಕಾಗದ ನನ್ನ ಕೈಗೆ ಬಂತು. ಮನೆ ಮಂಜೂರಾತಿಯ ಪಟ್ಟಿಯ ಬಗ್ಗೆ ತಕರಾರು ಇದ್ದರೆ ಏಳು ದಿನಗಳೊಳಗೆ ತಿಳಿಸಬೇಕೆಂದು ಅದರಲ್ಲಿ ಮರಾಠಿಯಲ್ಲಿ ಬರೆದಿತ್ತು. ಅವಧಿ ಮುಗಿದು ಎರಡು ದಿನವಾಗಿತ್ತು.

ಮುದುಕಿ ಮತ ಹಾಕಿದಳು, ಅಭ್ಯರ್ಥಿ ಗೆದ್ದರು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಓಣಿಗೆ ನಳವೂ ಬಂತು, ಬೇಸಿಗೆಯಲ್ಲಿ ಒಣಗಿದರೂ ಉಳಿದ ದಿನ ನೀರು ಬರುತ್ತದೆ. ಆದರೆ ಕಾಗದಗಳು ಮಾತ್ರ ಹಿಂದಿನಂತೆಯೇ ಬರುತ್ತಿವೆ, ಸೆರಗಿನ ಗಂಟಿನಲ್ಲಿ ಹಿಂದಿನಂತೆಯೇ ಕುಳಿತಿರುತ್ತವೆ.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸೋನ್ಯಾಳದಿಂದ ಕಾಸರಗೋಡಿನ ಪತ್ರಿಕೆಗೆ ಇದನ್ನು ಏಕೆ ಬರೆಯಬೇಕೆಂದು ಓದುಗರು ಕೇಳಬಹುದು. 1956ರ ನವೆಂಬರ್ 1ರಂದು ನೀವೂ ನಾವೂ ಒಂದೇ ದಿನ ಕನ್ನಡ ನಾಡಿನ ಗೆರೆಯಿಂದ ಹೊರಗುಳಿದವರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ, ಪಯಸ್ವಿನಿಗಳ ಉತ್ತರದ ಪ್ರದೇಶವನ್ನೂ ನಮ್ಮ ಜತ್ತ ತಾಲೂಕಿನ 44 ಹಳ್ಳಿಗಳನ್ನೂ ಒಂದೇ ವರದಿಯಲ್ಲಿ ಆಗಿನ ಮೈಸೂರು ರಾಜ್ಯಕ್ಕೆ ಶಿಫಾರಸು ಮಾಡಿತು. ವರದಿ ಜಾರಿಗೆ ಬರಲಿಲ್ಲ. ನಿಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿದರೆ ನಮ್ಮಲ್ಲಿ 500ರ ಆಸುಪಾಸು. ಉಳಿದ ಕಥೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ನಮ್ಮ ಭಾಗ ದೊಡ್ಡ ಸುದ್ದಿಯಾಗುವುದು ಗಡಿಯ ಮಾತು ಎದ್ದಾಗ ಮಾತ್ರ. 2012ರಲ್ಲಿ ನೀರಿಲ್ಲದೆ ಬೇಸತ್ತ ಜತ್ತ ತಾಲೂಕಿನ ಅನೇಕ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. ಹತ್ತು ವರ್ಷ ಅದನ್ನು ಯಾರೂ ಕೇಳಲಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವಿನ ಪ್ರಸ್ತಾಪ ಮಾಡಿದ ಕೂಡಲೇ ಎರಡೂ ರಾಜಧಾನಿಗಳು ಎಚ್ಚೆತ್ತವು. ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಏಕನಾಥ ಶಿಂದೆಯವರು ಮ್ಹೈಸಾಳ ಏತ ನೀರಾವರಿಯನ್ನು ನಮ್ಮ ಭಾಗಕ್ಕೆ ವಿಸ್ತರಿಸಲು ಸುಮಾರು 2,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿದರು. ಅತ್ತ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ತಾಲೂಕಿನ ಗಡಿಯೊಳಕ್ಕೆ ಹರಿದು ಬಂತು. ಜನರಿಗೆ ಬೇಕಾಗಿದ್ದುದು ನೀರು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು.

ಈ ಪ್ರಸಂಗದಿಂದ ನಮ್ಮ ಅಭ್ಯರ್ಥಿಗಳು ಒಂದು ತಪ್ಪು ಪಾಠ ಕಲಿತರು. ಊರಲ್ಲಿ ಏನು ಆಗದಿದ್ದರೂ ‘ನಾವು ಗಡಿಯವರು, ನಮ್ಮನ್ನು ಕೇಳುವವರಿಲ್ಲ’ ಎಂದುಬಿಟ್ಟರೆ ಸಾಕು, ಜವಾಬ್ದಾರಿ ಹೆಗಲಿನಿಂದ ಇಳಿದಂತೆ. ಕೃಷ್ಣೆಯ ನೀರನ್ನು ಹಂತಹಂತವಾಗಿ ಎತ್ತಿ ತರುವುದು ಗ್ರಾಮಪಂಚಾಯತಿಯ ಕೈಯಲ್ಲಿಲ್ಲ, ನಿಜ. ಬಂದ ನೀರನ್ನು ಓಣಿಗಳಿಗೆ ಹಂಚುವುದು, ಬಾವಿಯ ಹೂಳು ತೆಗೆಸುವುದು, ಟ್ಯಾಂಕರಿಗೆ ವೇಳೆಯಿದ್ದಾಗಲೇ ಬೇಡಿಕೆ ಕಳಿಸುವುದು, ಇವು ಪಂಚಾಯತಿಯ ಕೆಲಸಗಳೇ. ತನ್ನ ಕೈಯಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಬಾಗಿಲಲ್ಲಿ ನಿಂತು ನೇರವಾಗಿ ಹೇಳುವ ಅಭ್ಯರ್ಥಿಯೇ ಪ್ರಾಮಾಣಿಕ.

ಹಣವೇ ಇಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. 2021ರಿಂದ 2026ರ ವರೆಗಿನ ಅವಧಿಗೆ 15ನೆಯ ಹಣಕಾಸು ಆಯೋಗ ಗೊತ್ತುಪಡಿಸಿದ ಅನುದಾನದಲ್ಲಿ ನೂರಕ್ಕೆ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಡಲಾಗಿತ್ತು. ಆ ಹಣ ಎಷ್ಟು ಬಂತು, ಯಾವ ಓಣಿಗೆ ಹೋಯಿತು ಎಂದು ಕೇಳುವ ಜಾಗವೇ ಗ್ರಾಮಸಭೆ. ಮಹಾರಾಷ್ಟ್ರದ ಕಾಯಿದೆಯಂತೆ ವರ್ಷಕ್ಕೆ ಕನಿಷ್ಠ ನಾಲ್ಕು ಗ್ರಾಮಸಭೆಗಳು ನಡೆಯಬೇಕು. ಅದಕ್ಕೆ ಮೊದಲು ಹೆಣ್ಣುಮಕ್ಕಳ ಪ್ರತ್ಯೇಕ ಸಭೆ ಆಗಬೇಕು. ಹಿಂದಿನ ವರ್ಷದ ಜಮಾಖರ್ಚನ್ನು ಸಭೆಯ ಮುಂದಿಡಬೇಕು. ಜನ ಇಂದಿಗೂ ಗ್ರಾಮಸೇವಕರೆಂದೇ ಕರೆಯುವ ಅಧಿಕಾರಿ ಅದನ್ನು ಮರಾಠಿಯಲ್ಲಿ ಓದಿದರೆ ನಿಯಮ ಪಾಲನೆಯಾಯಿತು. ಕೆಳಗೆ ಕುಳಿತ ಕುರುಬರ ಅಜ್ಜನಿಗೂ, ಹೊಲದಿಂದ ನೇರ ಬಂದ ತಾಯಿಗೂ ಏನು ತಿಳಿಯಿತು? ತಲೆ ಅಲ್ಲಾಡಿಸಿ, ಹೆಬ್ಬೆಟ್ಟು ಒತ್ತಿ ಮನೆಗೆ ಹೋದರು. ಠರಾವು ಸರ್ವಾನುಮತದಿಂದ ಪಾಸಾಯಿತು.

ನಿಮ್ಮ ಕಡೆ ಗ್ರಾಮಸಭೆ ವಾರ್ಡಿಗೊಂದು. ಸದಸ್ಯನೇ ಅದನ್ನು ಕರೆಯಬೇಕು. ನಮ್ಮಲ್ಲಿ ಇಡೀ ಊರಿಗೆ ಒಂದೇ ಸಭೆಯಾದ್ದರಿಂದ ಓಣಿಯ ಸಣ್ಣ ದನಿ ಕೇಳುವುದು ಇನ್ನೂ ಕಷ್ಟ. ನಿಮ್ಮಲ್ಲಿ ಪಕ್ಷದ ಚಿಹ್ನೆಯ ಮೇಲೆ ಸ್ಪರ್ಧೆ ನಡೆಯುತ್ತದೆ. ಕೊನೆಗೆ ಪಕ್ಷವನ್ನಾದರೂ ಕೇಳಬಹುದು. ನಮ್ಮಲ್ಲಿ ಗ್ರಾಮಪಂಚಾಯತಿಗೆ ಪಕ್ಷದ ಚಿಹ್ನೆಯಿಲ್ಲ. ಸರಪಂಚರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ 2017ರಲ್ಲಿ ಬಂದು, 2020ರಲ್ಲಿ ಹೋಗಿ, 2022ರಲ್ಲಿ ಮರಳಿ ಬಂತು. ಹೀಗಿರುವಾಗ ಅಭ್ಯರ್ಥಿ ಆಡುವ ಮಾತೇ ನಮಗೆ ಸಿಗುವ ಏಕಮೇವ ಪ್ರಣಾಳಿಕೆ.

ಇನ್ನು ದುಡಿಮೆಯ ವಿಷಯ. ಊರಿನ ಅಭಿವೃದ್ಧಿ ಎಂದರೆ ಸಿಮೆಂಟಿನ ರಸ್ತೆ, ಪ್ರವೇಶದ್ವಾರದ ಕಮಾನು ಎಂದು ಅನೇಕ ಅಭ್ಯರ್ಥಿಗಳು ತಿಳಿದಿದ್ದಾರೆ. ದಸರೆ ದೀಪಾವಳಿಯ ಹೊತ್ತಿಗೆ ಜತ್ತ ತಾಲೂಕಿನಿಂದ ಕಬ್ಬು ಕಡಿಯಲು ಕುಟುಂಬಗಳು ಗುಳೆ ಹೊರಡುತ್ತವೆ. ಆ ರಸ್ತೆಯ ಮೇಲೆಯೇ ಅವರ ಟ್ರ್ಯಾಕ್ಟರು ಹೋಗುತ್ತದೆ. ತಂದೆತಾಯಿಗಳ ಜೊತೆಗೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕ ಹಿಡಿಯುವ ನಮ್ಮಂಥವರಿಗೆ ಆ ಖಾಲಿ ಜಾಗಗಳ ಹೆಸರು ಬಾಯಿಪಾಠ. ಊರಲ್ಲಿ ಅಜ್ಜಿಯ ಬಳಿಯಲ್ಲೋ ಬಂಧುಗಳ ಬಳಿಯಲ್ಲೋ ಮಕ್ಕಳನ್ನು ಉಳಿಸಿಕೊಂಡು ಊಟ, ಪಾಠ ಒದಗಿಸಲು ‘ಹಂಗಾಮಿ ವಸತಿಗೃಹ’ ಎಂಬ ಯೋಜನೆ ಮಹಾರಾಷ್ಟ್ರದಲ್ಲಿದೆ. ಅದನ್ನು ಕೇಳಿ ಪಡೆಯಲು ಮಕ್ಕಳ ಯಾದಿ ವೇಳೆಗೆ ಸರಿಯಾಗಿ ಹೋಗಬೇಕು. ಇದು ಅಭ್ಯರ್ಥಿಯ ಮಾತಿನಲ್ಲಿ ಎಂದಾದರೂ ಬಂದಿದೆಯೇ?

ಕೆಲಸ ಕೇಳುವ ಹಕ್ಕು ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ. 1965ರಲ್ಲಿ ವಿ. ಸ. ಪಾಗೆಯವರು ಸಾಂಗಲಿ ಜಿಲ್ಲೆಯ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ ಉದ್ಯೋಗ ಖಾತರಿಯ ಮೊದಲ ಪ್ರಯೋಗ ಮಾಡಿದರು. 1972ರ ಬರಗಾಲದಲ್ಲಿ ಅದು ರಾಜ್ಯಕ್ಕೆ ಹರಡಿತು, 1977ರಲ್ಲಿ ಕಾಯಿದೆಯಾಯಿತು, 2005ರ ರಾಷ್ಟ್ರೀಯ ಕಾಯಿದೆಗೆ ಮೇಲ್ಪಂಕ್ತಿಯಾಯಿತು. ಅರ್ಜಿ ಬರೆದು ಕೊಡುವುದು, ತಾರೀಖು ಹಾಕಿದ ರಸೀದಿ ಪಡೆಯುವುದು, ಇದೇ ಅದರ ಜೀವಾಳ. ಅರ್ಜಿಯ ಭಾಷೆ ಬಾರದವನಿಗೆ ರಸೀದಿ ಎಲ್ಲಿಂದ ಬರಬೇಕು? ಮಾಡಗ್ಯಾಳ ಕುರಿಯ ಹೆಸರು ದೂರದೂರದ ಸಂತೆಗಳಲ್ಲಿ ಪ್ರಸಿದ್ಧ. ಆ ತಳಿಯ ಊರು ಇದೇ ತಾಲೂಕಿನಲ್ಲಿದೆ. ನಮ್ಮ ದಾಳಿಂಬೆಯೂ ಹೆಸರು ಮಾಡಿದೆ. ಆದರೆ ಕುರಿಯ ವಿಮೆ, ಕೃಷಿಹೊಂಡದ ಸಹಾಯಧನ, ಹೆಣ್ಣುಮಕ್ಕಳ ಉಳಿತಾಯ ಗುಂಪಿನ ಸಾಲ, ಎಲ್ಲಕ್ಕೂ ಮೊದಲ ಬಾಗಿಲು ಒಂದು ಕಾಗದ. ಆರ್ಥಿಕ ಪ್ರಗತಿಗೂ ಭಾಷೆಗೂ ಏನು ಸಂಬಂಧ ಎನ್ನುವವರು ಇದನ್ನು ಯೋಚಿಸಬೇಕು.

‘ಇದು ಮರಾಠಿ ರಾಜ್ಯ, ನಿಯಮವೇ ಹಾಗಿದೆ’ ಎಂಬುದು ನಮಗೆ ಕೊಡುವ ಸಿದ್ಧ ಉತ್ತರ. ಸ್ಥಳೀಯ ಸಂಸ್ಥೆಗಳ ವ್ಯವಹಾರ ಮರಾಠಿಯಲ್ಲಿ ನಡೆಯಬೇಕೆಂದು 2022ರಲ್ಲಿ ಕಾಯಿದೆಯಾದದ್ದು ನಿಜ. ಆದರೆ ಅಕೋಲಾ ಜಿಲ್ಲೆಯ ಪಾತೂರ ನಗರ ಪರಿಷತ್ತಿನ ಫಲಕದಲ್ಲಿ ಮರಾಠಿಯ ಕೆಳಗೆ ಉರ್ದು ಬರೆದುದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, ಮರಾಠಿಯ ಜೊತೆಗೆ ಇನ್ನೊಂದು ಭಾಷೆಯನ್ನು ಬಳಸಲು ಆ ಕಾಯಿದೆಯಲ್ಲಿ ನಿಷೇಧವಿಲ್ಲವೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ಜನರಿಗೆ ವಿಷಯ ತಿಳಿಯಲೆಂದೇ ಭಾಷೆ ಇರುವುದೆಂಬುದು ಆ ತೀರ್ಪಿನ ತಾತ್ಪರ್ಯ. ಪಾತೂರಿನಲ್ಲಿ ಉರ್ದುವಿಗೆ ಇರುವ ಜಾಗ ಜತ್ತದ ಹಳ್ಳಿಗಳಲ್ಲಿ ಕನ್ನಡಕ್ಕೆ ಏಕಿಲ್ಲ? ಮರಾಠಿ ನೋಟೀಸಿನ ಕೆಳಗೆ ನಾಲ್ಕು ಸಾಲು ಕನ್ನಡ ಬರೆಸಲು ಮುಂಬಯಿಯ ಅಪ್ಪಣೆ ಬೇಕಾಗಿಲ್ಲ. ಸರಪಂಚರ ಮನಸ್ಸು ಬೇಕು.

ಕಾಸರಗೋಡಿನವರಾದ ನಿಮಗೆ ಇನ್ನೂ ಗಟ್ಟಿಯಾದ ಆಧಾರವಿತ್ತು. ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳದ ಭಾಷಾ ಕಾಯಿದೆಯ ಕಾಲದಿಂದ ನೀವು ಎತ್ತಿ ಹೇಳುತ್ತ ಬಂದಿದ್ದೀರಿ. ಹಕ್ಕು ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ಉತ್ತರ ಕನ್ನಡದಲ್ಲಿ ಬಂದುಬಿಡುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೇಳುವವರು ಬೇಕು, ಕೇಳುತ್ತಲೇ ಇರಬೇಕು. 2025ರ ಡಿಸೆಂಬರಿನಲ್ಲಿ ನಿಮ್ಮಲ್ಲಿ ಸ್ಥಳೀಯ ಚುನಾವಣೆ ಮುಗಿಯಿತು. ಬಾಗಿಲಿಗೆ ಬಂದು ಕನ್ನಡದಲ್ಲಿ ಮತ ಕೇಳಿದವರನ್ನು ಈಗ ವಾರ್ಡಿನ ಸಭೆಯಲ್ಲಿ ಕನ್ನಡದಲ್ಲಿ ಲೆಕ್ಕ ಕೇಳುವ ಸರದಿ ನಿಮ್ಮದು.

ಇದರಲ್ಲಿ ಮರಾಠಿಯ ದ್ವೇಷವನ್ನು ಯಾರೂ ಹುಡುಕಬಾರದು. ನನ್ನ ವಿದ್ಯಾರ್ಥಿಗಳು ಮರಾಠಿಯನ್ನು ಚೆನ್ನಾಗಿ ಕಲಿಯಬೇಕೆಂದು ದಿನವೂ ಹೇಳುವವನು ನಾನು. ಸಾಂಗಲಿಗೆ, ಪುಣೆಗೆ ದುಡಿಯಲು ಹೋಗುವವರಿಗೆ ಅದು ಅನ್ನದ ಭಾಷೆ. ನಮ್ಮ ಮರಾಠಿ ಭಾಷಿಕ ನೆರೆಯವರೂ ಅದೇ ನಳದ ಸರದಿಯಲ್ಲಿ ನಿಂತವರು, ಅದೇ ಟ್ಯಾಂಕರಿಗೆ ಕಾದವರು. ಗಡಿಯಾಚೆ ಕರ್ನಾಟಕದಲ್ಲಿರುವ ಮರಾಠಿ ಭಾಷಿಕರಿಗೂ ನಾನು ಇದೇ ನ್ಯಾಯವನ್ನು ಬಯಸುತ್ತೇನೆ. ಆದರೆ ಅರವತ್ತು ದಾಟಿದ ಮುದುಕಿಗೆ ಮರಾಠಿ ಕಲಿತು ಬಾ, ಆಮೇಲೆ ಮನೆ ಕೊಡುತ್ತೇವೆ ಎನ್ನುವುದು ಯಾವ ಧರ್ಮ?

ಆದ್ದರಿಂದ ಮುಂದಿನ ಸಲ ಅಭ್ಯರ್ಥಿ ಬಾಗಿಲಿಗೆ ಬಂದಾಗ ಚಹಾ ಕೊಟ್ಟು ಕೂಡಿಸಿ ಮೂರು ಮಾತು ಕೇಳೋಣ. ಗ್ರಾಮಸಭೆಯಲ್ಲಿ ಜಮಾಖರ್ಚನ್ನು ಕನ್ನಡದಲ್ಲಿಯೂ ಓದಿ ಹೇಳಿಸುವಿರಾ? ಪಂಚಾಯತಿಯ ನೋಟೀಸಿನ ಕೆಳಗೆ ಕನ್ನಡದ ಸಾರಾಂಶ ಬರೆಸುವಿರಾ? ಕಬ್ಬಿಗೆ ಹೋಗುವವರ ಮಕ್ಕಳ ಯಾದಿಯನ್ನೂ ಕೆಲಸ ಕೇಳುವವರ ಅರ್ಜಿಯನ್ನೂ ದಸರೆಗೆ ಮೊದಲು ತಯಾರು ಮಾಡಿಸುವಿರಾ? ಮೂರಕ್ಕೂ ಕೋಟಿಗಳ ಅನುದಾನ ಬೇಕಿಲ್ಲ. ಹೌದೆಂದರೆ ಓಣಿಯ ನಾಲ್ಕು ಜನರ ಮುಂದೆ ಹೌದೆನ್ನಲಿ. ಉತ್ತರ ಕೊಡಲು ತಡವರಿಸಿದರೆ ಅದೂ ಒಂದು ಉತ್ತರವೇ.

ಆ ಮುದುಕಿಗೆ ಅಂದು ನಾನು ಕಾಗದವನ್ನು ಓದಿ ಹೇಳಿದಾಗ ಆಕೆ ಸಿಟ್ಟಾಗಲಿಲ್ಲ. ಕಾಗದವನ್ನು ಮತ್ತೆ ಮಡಿಸಿ ಗಂಟು ಹಾಕಿಕೊಳ್ಳುತ್ತ, “ಇದನ್ನ ಏಳ ದಿನ ಮೊದಲ ಹೇಳಾವ್ರು ಬೇಕಾಗಿತ್ತು ಮಾಸ್ತರ್ರ” ಎಂದಳು, ಅಷ್ಟೇ. ನಾವು ಆರಿಸಬೇಕಾದ ಅಭ್ಯರ್ಥಿ ಅಂಥವನು.